ಪುಟ್ಟಿಗೆ, ತೇಜ್‌ಪುರಕ್ಕೆ ಹೊರಡುವ ಮುಂಚೆ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನಗೆ ಕೋರ್ ಹೆಡ್‌ಕ್ವಾರ್ಟರ್ಸ್‌ಗೆ ಪೋಸ್ಟಿಂಗ್ ಆಯಿತು, ಅದೂ ಅಸ್ಸಾಮಿನ ತೇಜ್‌ಪುರಕ್ಕೆ ಅಂತ ನಿನ್ನ ಅಮ್ಮ ಫೋನ್ ಮಾಡಿದ್ದಳು. "ಅಲ್ಲಿ ಮಳೆ ಜಾಸ್ತಿಯಂತೆ ಅಣ್ಣಯ್ಯ" ಅಂದಳು. ಆಗುಂಬೆ ಬುಡದಲ್ಲಿ ಬೆಳೆದ ಹುಡುಗಿಗೆ ಮಳೆಯ ಹೆದರಿಕೆಯೇ!

ನೀನು ಮೇಜರ್, ನಾನು ಹವಾಲ್ದಾರನಾಗಿ ಮನೆಗೆ ಬಂದವನು. ಕ್ಯಾಂಪಿನಲ್ಲಾದರೆ ನಾನೇ ಸೆಲ್ಯೂಟ್ ಹೊಡೆಯಬೇಕು. ಆದರೂ 24 ವರ್ಷ ಸಪ್ಲೈನಲ್ಲಿ ಮೂಟೆ ಎಣಿಸಿದವನ ಮಾತು ಸ್ವಲ್ಪ ಕೇಳು.

ಕೋರ್ ಅಂದರೆ ಸಾವಿರಾರು ಸೈನಿಕರ ಎರಡು, ಮೂರು ಡಿವಿಷನ್, ಮೇಲೊಬ್ಬ ಲೆಫ್ಟಿನೆಂಟ್ ಜನರಲ್ ಅಂತ ಪುಸ್ತಕದಲ್ಲಿ ಓದಿರುತ್ತೀಯ. ನೆಪೋಲಿಯನ್ ಕಾಲದ ಲೆಕ್ಕ ಅದು. ಇಡೀ ಸೈನ್ಯ ಒಂದೇ ದಾರಿಯಲ್ಲಿ ಹೋದರೆ ಊಟಕ್ಕೂ ಗತಿಯಿಲ್ಲ. ಅದಕ್ಕೇ ಬೇರೆ ಬೇರೆ ದಾರಿ ಹಿಡಿಸಿದ. ಪಕ್ಕದವರು ಬಂದು ಸೇರುವ ತನಕ ಒಂದು ದಿನ ತಾನೊಂದೇ ತಡೆದು ನಿಲ್ಲುವಷ್ಟು ಕಾಲಾಳು, ಕುದುರೆ, ಫಿರಂಗಿ ಪ್ರತಿ ಕೋರಿನಲ್ಲೂ ಇರುತ್ತಿತ್ತು.

ಈಗ ನೀನು ಸೇರುವ 4ನೇ ಕೋರ್ ಹುಟ್ಟಿದ್ದು ನೋಡು. 1962ರ ಅಕ್ಟೋಬರ್ 4. ಅದಕ್ಕೆ ಮುಂಚೆ ಆ ಚೀನಾ ಗಡಿ 33ನೇ ಕೋರಿನ ಜನರಲ್ ಉಮ್ರಾವ್ ಸಿಂಗ್ ಕೈಯಲ್ಲಿತ್ತು. ಇಷ್ಟು ರೇಷನ್, ಇಷ್ಟು ಮದ್ದುಗುಂಡು ಮೇಲೆ ಸೇರದೆ ಮುಂದೆ ಹೋಗಲಾಗದು ಅಂತ ಅವರು ಬರೆದುಕೊಟ್ಟರು. ಆ ಮಾತು ದೆಹಲಿಗೆ ಹಿಡಿಸಲಿಲ್ಲ. ಅವಸರದಲ್ಲಿ ಹೊಸ ಕೋರ್ ಮಾಡಿ ಅದಕ್ಕೆ ಜನರಲ್ ಬಿ. ಎಂ. ಕೌಲ್ ಅವರನ್ನು ಕಳಿಸಿದರು. ಬೋರ್ಡು ಬಂತು, ಸಾಮಾನು ಬರಲಿಲ್ಲ. ವಿಮಾನದಿಂದ ಎಸೆದದ್ದು ಎಷ್ಟೋ ಕಣಿವೆ ಪಾಲಾಯಿತು. ಗಡಿಯ ನಾಮ್ಕಾ ಚು ಹೊಳೆಯ ದಂಡೆಯಲ್ಲಿ ಹುಡುಗರು ಆ ಚಳಿಗೆ ಹತ್ತಿ ಬಟ್ಟೆಯಲ್ಲಿದ್ದರು. ಕೌಲ್ ಕಾಯಿಲೆ ಬಿದ್ದು ದೆಹಲಿ ಸೇರಿದರು, ಹಾಸಿಗೆಯಿಂದಲೇ ಹುಕುಂ ಕೊಡುತ್ತಿದ್ದರು. 20ನೇ ತಾರೀಖು ಚೀನಾ ನಮ್ಮ ಮೇಲೆ ಬಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದೇ ಕೋರ್, 1971ರ ಬಾಂಗ್ಲಾ ಯುದ್ಧ. ಮೇಘನಾ ನದಿಯ ಆಶುಗಂಜ್ ಸೇತುವೆಯನ್ನು ಪಾಕಿಸ್ತಾನದವರು ಒಡೆದರು. ಕೋರ್ ಕಮಾಂಡರ್ ಸಗತ್ ಸಿಂಗ್ ತಾವೇ ಹೆಲಿಕಾಪ್ಟರಿನಲ್ಲಿ ಹೋಗಿ ನದಿಯ ದಡ ನೋಡಿ ಬಂದರು. ಡಿಸೆಂಬರ್ 9ರಿಂದ ಜವಾನರನ್ನು ಹೆಲಿಕಾಪ್ಟರಿನಲ್ಲೇ ನದಿ ದಾಟಿಸಿದರು.

ನಾನು ಕಣ್ಣಾರೆ ಕಂಡಿದ್ದು ಲೇಹ್. ಕಾರ್ಗಿಲ್ ಮುಗಿದ ಮೇಲೆ, 1999ರ ಸೆಪ್ಟೆಂಬರ್ 1ಕ್ಕೆ ಅಲ್ಲಿ 14ನೇ ಕೋರ್ ಆಯಿತು. ಅಲ್ಲಿಯವರೆಗೆ ಶ್ರೀನಗರದ 15ನೇ ಕೋರೇ ಲಡಾಖನ್ನೂ ನೋಡಿಕೊಳ್ಳಬೇಕಿತ್ತು. ಲಡಾಖಿಗೆ ಹೋಗುವ ಜೋಜಿ ಲಾ ಕಣಿವೆದಾರಿ ಹಿಮಕ್ಕೆ ಮುಚ್ಚುವ ಮುಂಚೆ ಇಡೀ ಚಳಿಗಾಲದ ಸಾಮಾನು ಮೇಲೆ ಸೇರಬೇಕಿತ್ತು. ಒಂದು ವರ್ಷ ಗಡಿಯ ಪೋಸ್ಟೊಂದಕ್ಕೆ ಹಿಮದ ಬೂಟು ಬಂತು. ಕಾಗದದಲ್ಲಿ 200 ಜೊತೆ, ಸಹಿ, ಸೀಲು ಎಲ್ಲಾ ಸರಿ. ಪೆಟ್ಟಿಗೆ ಒಡೆದರೆ ಎಲ್ಲವೂ 10ನೇ ನಂಬರ್! ಗೂರ್ಖಾ ಹುಡುಗನೊಬ್ಬ ಮೂರು ಜೊತೆ ಕಾಲುಚೀಲ ಹಾಕಿ, ಮುಂದಕ್ಕೆ ಗೋಣಿತುಂಡು ತುರುಕಿ ನಡೆದು ತೋರಿಸಿದ. ಬಾತುಕೋಳಿ ಥರ. ಎಲ್ಲರೂ ನಕ್ಕೆವು. ಆದರೆ ಮೇಲೆ ಹೆಡ್‌ಕ್ವಾರ್ಟರ್ಸಿನ ಪಟ್ಟಿಯಲ್ಲಿ ಆ ಪೋಸ್ಟಿಗೆ ಬೂಟು 'ತಲುಪಿದೆ' ಅಂತಲೇ ಇತ್ತು ತಾನೇ?

ನಾಳೆ ಆ ಪಟ್ಟಿ ಬರೆಯುವವಳು ನೀನು. ಜನರಲ್ ಸಾಹೇಬರು ನಕ್ಷೆ ಮುಂದೆ ನಿಂತು "ಆಗುತ್ತಾ?" ಅಂತ ಕೇಳುತ್ತಾರೆ. ಸುತ್ತಲಿನವರೆಲ್ಲ "ಆಗುತ್ತೆ ಸರ್" ಅನ್ನುತ್ತಾರೆ. ಆಗ ಸುಮ್ನೆ ತಲೆಯಾಡಿಸಬೇಡ. ಬಂದಿಲ್ಲದಿದ್ದರೆ ಬಂದಿಲ್ಲ ಅನ್ನು. ಒಂದು ಸಲ ಬೈಸಿಕೊಂಡರೆ ಏನೂ ಆಗಲ್ಲ, ನಿನ್ನ ಅಜ್ಜನ ಕೈಲಿ ಬೈಸಿಕೊಂಡವರು ನಾವು. ಪೋಸ್ಟಿನಲ್ಲಿರುವ ಸುಬೇದಾರನಿಗೆ ನೀನೇ ಫೋನ್ ಹಚ್ಚು. ಅವನಿಗೆ ಗೊತ್ತಿರುವುದು ಫೈಲಿಗೆ ಗೊತ್ತಿರುವುದಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ಪಾರ್ಸೆಲ್ ಮಾಡಿದ್ದೇನೆ. ಡಬ್ಬಿ ಒಡೆಯದೆ ಬಂತಾ ಅಂತ ನೋಡಿಯೇ ಫೋನ್ ಮಾಡು. ಇಲ್ಲಿ ಅಡಿಕೆ ಕೊನೆಕೊಯ್ಲು ಶುರುವಾಗಿದೆ. ಕೊನೆಗೌಡ ಮರ ಹತ್ತಿ ಕೂಗುತ್ತಿದ್ದಾನೆ, ಕೆಳಗೆ ಹಗ್ಗ ಹಿಡಿಯೋಕೆ ಜನ ಇಲ್ಲ. ನಾನೇ ಹೋಗಬೇಕು.

ನಿನ್ನ ಮಾವ