ಪೈಲಟ್‌ಗಳ ಮೊದಲ ನೂರು ಗಂಟೆಗಳು

ಮಾನ್ಯ ಸಂಪಾದಕರೇ,

ವಿಮಾನ ಅಪಘಾತವಾದಾಗಲೆಲ್ಲ ಪೈಲಟ್‌ಗೆ ಎಷ್ಟು ಸಾವಿರ ಗಂಟೆಗಳ ಹಾರಾಟದ ಅನುಭವವಿತ್ತು ಎಂಬ ಪ್ರಶ್ನೆಯೇ ಮೊದಲು ಕೇಳಿಬರುತ್ತದೆ. ಆ ಗಂಟೆಗಳು ಹೇಗೆ ಕಳೆದವು, ಅದರಲ್ಲೂ ಕಲಿಕೆಯ ದಿನಗಳಲ್ಲಿ ಅವರು ಏನನ್ನು ಕೈಯಾರೆ ಮಾಡಿ ಕಲಿತಿದ್ದರು ಎಂದು ವಿಚಾರಿಸುವವರು ಕಡಿಮೆ.

1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದರ ಇಂಧನ ಆಕಾಶದಲ್ಲೇ ಮುಗಿದು, ಎರಡೂ ಎಂಜಿನ್‌ಗಳು ನಿಂತುಹೋದವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ (ಎಂಜಿನ್ ಇಲ್ಲದೆ ತೇಲುವ ವಿಮಾನ) ಹಾರಾಟದಲ್ಲಿ ಪಳಗಿದ್ದವರು. ಕೆನಡಾದ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯನ್ನು ಸಮೀಪಿಸಿದಾಗ ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಗ್ಲೈಡರ್‌ನಲ್ಲಿ ಮಾಡುವಂತೆಯೇ ಅವರು ಆ ಭಾರಿ ಜೆಟ್ಟನ್ನು ಓರೆಯಾಗಿ ಜಾರಿಸಿ, ವೇಗ ಏರದಂತೆ ಎತ್ತರ ಕಳೆದು, ರನ್‌ವೇಗೆ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕುಳಿದರು.

2009ರ ಜೂನ್‌ನಲ್ಲಿ ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ವೇಗಮಾಪಕ ಕೊಳವೆಗಳಲ್ಲಿ ಹಿಮ ಕಟ್ಟಿ ವಿಮಾನವನ್ನು ತಾನಾಗಿ ಹಾರಿಸುವ ಆಟೋಪೈಲಟ್ ಸ್ಥಗಿತಗೊಂಡಾಗ ನಡೆದದ್ದೇ ಬೇರೆ. ಸ್ಟಾಲ್ (ಮೂತಿ ಅತಿಯಾಗಿ ಮೇಲೆದ್ದು ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ) ಎಚ್ಚರಿಕೆ ಮೊಳಗುತ್ತಿದ್ದರೂ ವಿಮಾನದ ಮೂತಿಯನ್ನು ಮೇಲಕ್ಕೇ ಎತ್ತಿ ಹಿಡಿಯಲಾಯಿತು; 228 ಜನ ಪ್ರಾಣ ಕಳೆದುಕೊಂಡರು. ಮಡಿದ ಪೈಲಟ್‌ಗಳನ್ನು ದೂಷಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಅಷ್ಟು ಎತ್ತರದಲ್ಲಿ ವಿಮಾನವನ್ನು ಕೈಯಿಂದ ಹಾರಿಸುವ ತರಬೇತಿಯೇ ಆ ಸಹಪೈಲಟ್‌ಗಳಿಗೆ ಸಿಕ್ಕಿರಲಿಲ್ಲವೆಂದು ತನಿಖಾ ವರದಿ ಹೇಳಿದೆ.

ಅದೇ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ವಿಮಾನವೂ ಸ್ಟಾಲ್ ಆಗಿ ಬಿದ್ದು 50 ಮಂದಿ ಸತ್ತರು. ಅದರ ಪರಿಣಾಮವಾಗಿ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂತು. ಆದರೆ ಆ ವಿಮಾನದಲ್ಲಿದ್ದ ಇಬ್ಬರು ಪೈಲಟ್‌ಗಳೂ ಅದಕ್ಕಿಂತ ಹೆಚ್ಚು ಗಂಟೆ ಹಾರಿದ್ದವರೇ! ಗಂಟೆಗಳಷ್ಟೇ ಸಾಲುವುದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ನೆಲ ಮೇಲೆದ್ದು ಬರುತ್ತಿರುವಂತೆ ಕಂಡಾಗ ಮೂತಿಯನ್ನು ಮೇಲೆತ್ತಲು ಕೈ ತಾನಾಗಿ ನಿಯಂತ್ರಣ ಕೋಲನ್ನು ಹಿಂದಕ್ಕೆ ಎಳೆಯುತ್ತದೆ. ಸ್ಟಾಲ್‌ನಿಂದ ಪಾರಾಗಲು ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ: ಮೂತಿಯನ್ನು ತಗ್ಗಿಸಬೇಕು. ಆ ಸಹಜ ಪ್ರವೃತ್ತಿಯನ್ನು ಗೆಲ್ಲುವುದನ್ನು ಸಣ್ಣ ವಿಮಾನದಲ್ಲಿ, ಶಿಕ್ಷಕರ ಪಕ್ಕದಲ್ಲಿ, ಮತ್ತೆ ಮತ್ತೆ ಮಾಡಿಯೇ ಕಲಿಯಬೇಕು. ಎಂಜಿನ್ ಬೆಂಕಿಯಂಥ ತುರ್ತುಗಳನ್ನು ಅಭ್ಯಾಸ ಮಾಡಲು ಸಿಮ್ಯುಲೇಟರ್‌ಗಿಂತ ಒಳ್ಳೆಯ ಸಾಧನವಿಲ್ಲ, ನಿಜ. ಆದರೆ ಸ್ಟಾಲ್ ಆಗಿ ಗಿರಕಿ ಹೊಡೆಯುತ್ತ ಬೀಳುವ (ಸ್ಪಿನ್) ವಿಮಾನದಲ್ಲಿ ಮೈಮೇಲೆ ಬೀಳುವ ಭಾರವನ್ನು, ಆ ಭಯವನ್ನು ಅದು ಕೊಡಲಾರದು. ಆದ್ದರಿಂದ ಲೈಸೆನ್ಸ್‌ಗೆ ಮುನ್ನವೇ ಗ್ಲೈಡರ್ ಹಾರಾಟ ಮತ್ತು ಸ್ಪಿನ್ ಅಭ್ಯಾಸವನ್ನು ಕಡ್ಡಾಯಗೊಳಿಸಬೇಕು. ಸಹಪೈಲಟ್ ಆದ ಮೊದಲ ವರ್ಷಗಳಲ್ಲಿ, ಆಕಾಶ ತಿಳಿಯಾಗಿರುವ ದಿನಗಳಲ್ಲಿ, ಆಟೋಪೈಲಟ್ ಬಿಟ್ಟು ಕೈಯಾರೆ ಇಳಿಸುವ ಅವಕಾಶವನ್ನು ವಿಮಾನಯಾನ ಸಂಸ್ಥೆಗಳು ಅವರಿಗೆ ಕೊಡಬೇಕು.

ಇಂತಿ,
ಓರ್ವ ಓದುಗ