ಬಿಸಿಲಿಲ್ಲದೆಯೂ ಬೆಳಗುವ ಸೌರಮನೆ: ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಮಕ್ಕಳ ಸೌರಮನೆ ಕಿಟ್‌ನಲ್ಲಿ ಅಡಗಿಸಿಟ್ಟ ಬ್ಯಾಟರಿ ಹಾಗೂ ಕೈಪಿಡಿಯ ತಪ್ಪು ಮಾಹಿತಿ

ನಾನು ಐದನೆಯ ತರಗತಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ನಿಮ್ಮ ಸಂಸ್ಥೆಯಿಂದ ಮೂವತ್ತು ಸೌರಮನೆ ಕಿಟ್‌ಗಳನ್ನು ತರಿಸಿಕೊಂಡಿದ್ದೆ. ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ "ಬ್ಯಾಟರಿ ಬೇಕಿಲ್ಲ, ಬಿಸಿಲೊಂದೇ ಸಾಕು" ಎಂದು ಅಚ್ಚಾಗಿದೆ. ಆ ಮಾತನ್ನು ನಂಬಿಯೇ ಕೊಂಡೆ.

ಮಕ್ಕಳು ಎರಡು ದಿನ ಮನಸ್ಸಿಟ್ಟು ಕೆಲಸ ಮಾಡಿದರು. ರಟ್ಟನ್ನು ಗೆರೆಗೆ ಸರಿಯಾಗಿ ಮಡಚಿ, ಕಿಟಕಿ ಕತ್ತರಿಸಿ, ಗೋಡೆಗೆ ಬಣ್ಣ ಬಳಿದು, ಚಾವಣಿಗೆ ಸೌರಫಲಕ ಅಂಟಿಸಿದರು. ಮೂರನೆಯ ದಿನ ಮನೆಗಳನ್ನೆಲ್ಲ ಬಿಸಿಲಿಗಿಟ್ಟು ಸ್ವಿಚ್ ಒತ್ತಿದೆವು. ಕಿಟಕಿಗೆ ಕಣ್ಣು ಹಚ್ಚಿ ನೋಡಿದರೆ ಒಳಗೆ ಬಿಳಿಯ ದೀಪ. ಮಕ್ಕಳು ಕುಣಿದಾಡಿದರು. "ಈಗ ಫಲಕವನ್ನು ಅಂಗೈಯಿಂದ ಮುಚ್ಚಿ, ದೀಪ ಆರುತ್ತದೆ ನೋಡಿ" ಎಂದು ನಾನೇ ಹೇಳಿದೆ. ಆರಲಿಲ್ಲ. ಒಬ್ಬ ಹುಡುಗಿ ಎರಡೂ ಕೈ ಒತ್ತಿ ಹಿಡಿದಳು, ಮೇಲೆ ಪುಸ್ತಕ ಇಟ್ಟಳು, ಕೊನೆಗೆ ಮನೆಯನ್ನು ತರಗತಿಯ ಕಪಾಟಿನೊಳಗಿಟ್ಟು ಬಾಗಿಲ ಸಂದಿಯಿಂದ ಇಣುಕಿದಳು. ದೀಪ ಉರಿಯುತ್ತಲೇ ಇತ್ತು. "ಹಾಗಾದರೆ ಸೂರ್ಯ ಏನು ಮಾಡುತ್ತಾನೆ, ಟೀಚರ್?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಅಂದು ಸಂಜೆ ಒಂದು ಮನೆಯ ತಳವನ್ನು ಬಿಚ್ಚಿದೆ. ಎರಡು ಪದರ ರಟ್ಟಿನ ನಡುವೆ 3 ವೋಲ್ಟ್‌ನ ಗುಂಡಿ ಬ್ಯಾಟರಿ (ಅಂಗಿಯ ಗುಂಡಿಯಂತೆ ಚಪ್ಪಟೆಯಾದ ಪುಟ್ಟ ಬ್ಯಾಟರಿ) ಕುಳಿತಿತ್ತು. ದೀಪದ ಎರಡೂ ತಂತಿಗಳು ಸೇರಿದ್ದು ಅದಕ್ಕೆ. ಫಲಕದ ಕೆಂಪು ತಂತಿ ಅಂಟಿನ ಮುದ್ದೆಯೊಳಗೆ ಹೊಕ್ಕು ಅಲ್ಲಿಯೇ ಮುಗಿದಿತ್ತು. ಇನ್ನೂ ಐದು ಮನೆಗಳನ್ನು ಬಿಚ್ಚಿದೆ. ಐದರಲ್ಲಿಯೂ ಇದೇ ಜೋಡಣೆ. ಕೈತಪ್ಪಿನಿಂದ ಹೀಗಾಯಿತೆಂದು ನಂಬುವುದು ಹೇಗೆ?

ಹೀಗೇಕೆ ಮಾಡಿದಿರಿ ಎಂಬುದು ಫಲಕವನ್ನು ನೋಡಿದರೆ ಅರ್ಥವಾಗುತ್ತದೆ. ಅದರಲ್ಲಿರುವುದು ನಾಲ್ಕೇ ಸಿಲಿಕಾನ್ ಕೋಶಗಳು. ಒಳ್ಳೆಯ ಬಿಸಿಲಿನಲ್ಲಿ ಒಂದು ಕೋಶ ಕೊಡುವುದು ಸುಮಾರು ಅರ್ಧ ವೋಲ್ಟ್. ನಾಲ್ಕನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ 2 ವೋಲ್ಟ್‌ನ ಆಸುಪಾಸು. ಬಿಳಿ ಎಲ್‌ಇಡಿ ಬೆಳಗಲು ಹತ್ತಿರ ಹತ್ತಿರ 3 ವೋಲ್ಟ್ ಬೇಕು. ಕೋಶಗಳನ್ನು ಹೆಚ್ಚಿಸುವ ಬದಲು ನೀವು ಬ್ಯಾಟರಿ ಬಚ್ಚಿಟ್ಟಿರಿ. ಕೆಂಪು ಎಲ್‌ಇಡಿಗೆ 2 ವೋಲ್ಟ್‌ಗಿಂತ ತುಸು ಕಡಿಮೆಯಾದರೂ ಸಾಕು. ಮರುದಿನ ನಾನು ಬ್ಯಾಟರಿ ಕಿತ್ತುಹಾಕಿ, ಕೆಂಪು ದೀಪವೊಂದನ್ನು ನೇರವಾಗಿ ಫಲಕಕ್ಕೆ ಜೋಡಿಸಿದೆ. ಬಿಸಿಲಿಗೆ ಒಡ್ಡಿದಾಗ ಹೊತ್ತಿತು, ಅಂಗೈ ಅಡ್ಡ ಬಂದಾಗ ಆರಿತು. ಆ ಹುಡುಗಿ ಒಂದೇ ಬೆರಳಿನಿಂದ ಒಂದು ಕೋಶವನ್ನಷ್ಟೇ ಮುಚ್ಚಿದಳು. ಆಗಲೂ ದೀಪ ಆರಿತು. ಸರಣಿ ಜೋಡಣೆಯಲ್ಲಿ ಒಂದು ಕೋಶ ನೆರಳಿಗೆ ಬಿದ್ದರೆ ಉಳಿದವುಗಳ ವಿದ್ಯುತ್ತಿಗೂ ತಡೆ ಬೀಳುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವಳು ಕಂಡುಕೊಂಡಳು. ಫಲಕವನ್ನು ಓರೆ ಮಾಡಿದಂತೆ ಬೆಳಕು ಮಂಕಾಗುವುದನ್ನೂ ಎಲ್ಲರೂ ನೋಡಿದರು. ನಿಮ್ಮ ಫಲಕಕ್ಕೆ ಇಷ್ಟೆಲ್ಲ ಕಲಿಸುವ ಶಕ್ತಿಯಿತ್ತು. ಅದನ್ನು ಬರೀ ಅಲಂಕಾರಕ್ಕೆ ಅಂಟಿಸುವಂತೆ ಮಾಡಿದ್ದೀರಿ ಎಂಬುದೇ ನನ್ನ ದೊಡ್ಡ ನೋವು.

ಕೈಪಿಡಿಯ ನಾಲ್ಕನೆಯ ಪುಟದಲ್ಲಿ "ಫಲಕವು ಸೂರ್ಯನ ಬಿಸಿಯನ್ನು ಹೀರಿ ವಿದ್ಯುತ್ ಮಾಡುತ್ತದೆ" ಎಂದು ಬರೆದಿದ್ದೀರಿ. ಅದು ತಪ್ಪು. ವಿದ್ಯುತ್ ಹುಟ್ಟುವುದು ಬೆಳಕಿನಿಂದ. ಫಲಕ ಕಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಆ ರಟ್ಟಿನ ತಳ ಉಗುರಿನಿಂದ ಎಬ್ಬಿದರೆ ಬಿಚ್ಚಿಕೊಳ್ಳುತ್ತದೆ, ಸ್ಕ್ರೂ ಇಲ್ಲ. ಮಗು ಗುಂಡಿ ಬ್ಯಾಟರಿಯನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಡಬಹುದು, ಜೀವಕ್ಕೇ ಕುತ್ತು ಬರಬಹುದು. ಡಬ್ಬಿಯ ಮೇಲೆ ಎಚ್ಚರಿಕೆಯ ಒಂದು ಸಾಲೂ ಇಲ್ಲ. ಬ್ಯಾಟರಿಯೇ ಇಲ್ಲವೆಂದು ಸಾರಿದ ಮೇಲೆ ಎಚ್ಚರಿಕೆ ಎಲ್ಲಿಂದ ಬರಬೇಕು? ಮಕ್ಕಳು ಈ ಮನೆಗಳನ್ನು ತಮ್ಮ ಮನೆಗೆ ಒಯ್ಯುವವರಿದ್ದರು, ಅಲ್ಲಿ ಪುಟ್ಟ ತಮ್ಮ ತಂಗಿಯರಿದ್ದಾರೆ. ಮೂವತ್ತೂ ಬ್ಯಾಟರಿಗಳನ್ನು ನಾನೇ ತೆಗೆದು ಎಣಿಸಿ ಬೀಗ ಹಾಕಿ ಇಟ್ಟಿದ್ದೇನೆ.

ಎರಡು ಬಾರಿ ದೂರವಾಣಿ ಮಾಡಿದೆ. "ದೀಪ ಉರಿಯುತ್ತಿದೆಯಲ್ಲ, ಮತ್ತೇನು ತೊಂದರೆ?" ಎಂಬ ಉತ್ತರ ಬಂತು. ಆದ್ದರಿಂದ ಲಿಖಿತವಾಗಿ ಕೇಳುತ್ತಿದ್ದೇನೆ. ಮೂವತ್ತು ಕಿಟ್‌ಗಳ ಪೂರ್ಣ ಹಣವನ್ನು ಮರಳಿಸಿ. ಈ ಕಿಟ್ ಕೊಂಡ ಎಲ್ಲರಿಗೂ ಬ್ಯಾಟರಿಯ ವಿಷಯವನ್ನು ತಕ್ಷಣ ತಿಳಿಸಿ, ಉಳಿದ ದಾಸ್ತಾನಿನ ಮಾರಾಟ ನಿಲ್ಲಿಸಿ. ಕೈಪಿಡಿಯನ್ನು ತಿದ್ದಿ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ.

ಇಂತಿ,
ವಿಜ್ಞಾನ ಶಿಕ್ಷಕಿ

ಲಗತ್ತು: ಖರೀದಿ ರಸೀದಿಯ ಪ್ರತಿ, ಬಿಚ್ಚಿದ ಆರು ಮನೆಗಳ ಛಾಯಾಚಿತ್ರಗಳು, ಕೈಪಿಡಿಯ ನಾಲ್ಕನೆಯ ಪುಟ