ಕಬಾಯಿ ಮುಗಿಯಿತು: ಅಕ್ಕನಿಗೂ ನಿಮಗೆಲ್ಲರಿಗೂ ನನ್ನ ಕೃತಜ್ಞತೆ

ಈ ಮಹಾನವಮಿಯ ಸಂಜೆ ನಾನು ವಿಜಯನಗರ ಕಾಲದ ಮಾದರಿಯ ಕಬಾಯಿಯೆಂಬ ಉದ್ದ ಅಂಗಿಯನ್ನು ತೊಟ್ಟು, ತಲೆಗೆ ಕುಲಾವಿಯೆಂಬ ಎತ್ತರದ ಟೋಪಿಯನ್ನಿಟ್ಟು ಗೆಳತಿಯ ಮನೆಯ ಗೊಂಬೆ ಹಬ್ಬಕ್ಕೆ ಬಂದಾಗ ನಿಮ್ಮಲ್ಲಿ ಹಲವರು ಅಲ್ಲಿದ್ದಿರಿ. ಬರಲಾಗದವರು ಚಿತ್ರಗಳನ್ನು ನೋಡಿ ಪ್ರೀತಿಯಿಂದ ಬರೆದಿರಿ. ಕಳೆದ ವರ್ಷ ನನ್ನ ಪಾಲಿಗೆ ಹೇಗಿತ್ತು ಎಂಬುದು ನಿಮಗೆಲ್ಲ ತಿಳಿದೇ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಬಿಡಿಸಿ ಹೇಳುವುದಿಲ್ಲ. ಆ ಉಡುಪು ಯಾರ ಕೈಗಳಿಂದ ಮುಗಿಯಿತು ಎಂಬುದನ್ನು ಮಾತ್ರ ಎಲ್ಲರೆದುರು ಹೇಳಬೇಕೆನ್ನಿಸಿದೆ.

ಲೇಪಾಕ್ಷಿಯ ವೀರಭದ್ರ ದೇವಾಲಯದ ಮಂಟಪದಲ್ಲಿ ತಲೆಯೆತ್ತಿ ನಿಂತವರಿಗೆ ಈ ಉಡುಪಿನ ಪರಿಚಯ ಇದ್ದೇ ಇರುತ್ತದೆ. ಅಚ್ಯುತದೇವರಾಯನ ಆಳ್ವಿಕೆಯಲ್ಲಿ ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಸಹೋದರರು ಕಟ್ಟಿಸಿದ ಆ ಗುಡಿಯ ಚಾವಣಿಯಲ್ಲಿ ಗಿರಿಜಾ ಕಲ್ಯಾಣವಿದೆ, ಕಿರಾತಾರ್ಜುನೀಯವಿದೆ. ಅವುಗಳ ಜೊತೆಯಲ್ಲೇ ಆ ಸಹೋದರರು ತಮ್ಮ ಪರಿವಾರದೊಡನೆ ಪೂಜೆಗೆ ನಿಂತಿದ್ದಾರೆ. ಉದ್ದ ತೋಳಿನ ಬಿಳಿಯ ತೆಳು ಅಂಗಿ, ನಡುವಿಗೆ ಬಿಗಿದ ಪಟ್ಟಿ, ಶಂಕುವಿನಾಕಾರದ ಎತ್ತರದ ಟೋಪಿ. ಅರಬ್ ಮತ್ತು ಪಾರಸಿ ನಾಡುಗಳ ಆಸ್ಥಾನದ ಉಡುಪು ವಿಜಯನಗರದ ಹಿಂದೂ ಅರಸರ, ನಾಯಕರ ಸಭಾ ಉಡುಪಾದ ಬಗೆಯನ್ನು ಇತಿಹಾಸಕಾರ ಫಿಲಿಪ್ ವ್ಯಾಗನರ್ ಅವರು 1996ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಆ ಅಂಗಿಯನ್ನು ನೋಡುತ್ತಾ ಕೂರುವುದು ಸಾಲದಾಯಿತು, ಅದನ್ನು ಹೊಲಿಯಲೇಬೇಕಾಯಿತು. ಕಬಾಯಿ ಗಂಡಸರ ಆಸ್ಥಾನದ ಉಡುಪೆಂಬುದು ಗೊತ್ತಿದ್ದೇ ನನ್ನ ಅಳತೆಗೆ ಹೊಲಿದುಕೊಂಡೆ. ಕುಲಾವಿಯ ವಿಷಯದಲ್ಲಿ ಆ ಸಂಕೋಚವೂ ಬೇಕಿರಲಿಲ್ಲ, ಏಕೆಂದರೆ 1520ರ ಸುಮಾರಿಗೆ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ರಾಣಿವಾಸದ ಹೆಂಗಸರು ಎತ್ತರದ ಟೋಪಿಗಳನ್ನು ಧರಿಸಿ, ಅವುಗಳ ಮೇಲೆ ದೊಡ್ಡ ಮುತ್ತುಗಳಿಂದ ಮಾಡಿದ ಹೂಗಳನ್ನು ತೊಟ್ಟಿದ್ದರೆಂದು ಬರೆದಿದ್ದಾನೆ.

ಅಂಚಿನ ಬಟ್ಟೆಯನ್ನು ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಕಬ್ಬಿಣ ಮತ್ತು ಬೆಲ್ಲವನ್ನು ಹುಳಿಯಿಸಿದ ಕಪ್ಪಿನಿಂದ ಗೆರೆಗಳನ್ನು ಬರೆದುಕೊಟ್ಟ ಗೆಳತಿಗೆ, ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯ ಚಿತ್ರಗಳನ್ನು ತಾಳ್ಮೆಯಿಂದ ತೆಗೆದು ಕಳಿಸಿದ ಹೊಸಪೇಟೆಯ ಸ್ನೇಹಿತರಿಗೆ, ಕುಲಾವಿ ಗಟ್ಟಿಯಾಗಿ ನಿಲ್ಲಲು ಒಳಗಿಡುವ ಬಿರುಸು ಬಟ್ಟೆ, ಬಕ್ರಂ, ಎಷ್ಟು ದಪ್ಪದ್ದು ಬೇಕೆಂದು ಹೇಳಿಕೊಟ್ಟು ಒಂದು ಕಾಸೂ ಮುಟ್ಟದ ನಮ್ಮ ಬೀದಿಯ ಟೈಲರ್ ಮಾಸ್ಟರಿಗೆ, ನನ್ನ ಪಾಲಿನ ಕೆಲಸವನ್ನು ಮಾತಿಲ್ಲದೆ ಹಂಚಿಕೊಂಡ ಕಚೇರಿಯ ಸಹೋದ್ಯೋಗಿಗಳಿಗೆ, ಊಟದ ಡಬ್ಬಿ ತಪ್ಪದಂತೆ ನೋಡಿಕೊಂಡ ಅಕ್ಕಪಕ್ಕದವರಿಗೆ ನಾನು ಋಣಿ.

ಇನ್ನು ಅಕ್ಕನ ವಿಷಯ. ಅವರು ನನ್ನ ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ; ಭಾವನವರ ಹೆಂಡತಿ. ಮದುವೆಯಾದಂದಿನಿಂದ ಅವರನ್ನು ಅಕ್ಕ ಎಂದೇ ಕರೆದಿದ್ದೇನೆ, ಆದರೆ ಹಬ್ಬ ಹುಣ್ಣಿಮೆಗಳಲ್ಲಿ ಒಂದೆರಡು ದಿನ ಜೊತೆಗಿದ್ದು ಬೀಳ್ಕೊಡುವಷ್ಟೇ ನಮ್ಮ ಒಡನಾಟವಾಗಿತ್ತು. ಹಳೆಯ ಉಡುಪುಗಳನ್ನು ಹೊಲಿಯುವ ನನ್ನ ಹವ್ಯಾಸದ ಬಗ್ಗೆ ಅವರು ಒಳ್ಳೆಯದನ್ನೂ ಹೇಳಿರಲಿಲ್ಲ, ಕೆಟ್ಟದ್ದನ್ನೂ ಹೇಳಿರಲಿಲ್ಲ.

ಆಷಾಢದ ಆ ರಾತ್ರಿ ಆಸ್ಪತ್ರೆಯಲ್ಲಿ ನನ್ನ ಬಳಿ ಉಳಿದವರು ಅವರು. ಮಗಳಿಗೆ ಪರೀಕ್ಷೆ, ಮನೆಯವರು ಹಿಂದಿನ ರಾತ್ರಿಗಳ ನಿದ್ದೆಗೆಟ್ಟು ನಿಲ್ಲಲಾರದ ಸ್ಥಿತಿಯಲ್ಲಿದ್ದರು. ಊರಿನಿಂದ ಬಸ್ಸಿಳಿದು ನೇರವಾಗಿ ನಮ್ಮ ಮನೆಗೆ ಹೋದ ಅಕ್ಕ, ನನ್ನ ಬೀರುವಿನಲ್ಲಿದ್ದ ಬಟ್ಟೆಯ ಚೀಲವನ್ನೂ ಹೊಲಿಗೆ ಡಬ್ಬಿಯನ್ನೂ ಎತ್ತಿಕೊಂಡು ಆಸ್ಪತ್ರೆಗೆ ಬಂದರು. ಅವನ್ನು ತರಲು ಯಾರೂ ಹೇಳಿರಲಿಲ್ಲ. ಚೀಲವನ್ನು ಕಂಡೊಡನೆ ನನಗೆ ತಡೆಯಲಾರದ ಸಿಟ್ಟು ಬಂತು. ಅದನ್ನು ಯಾರಿಗಾದರೂ ಕೊಟ್ಟುಬಿಡಿ, ನಾನು ಇನ್ನು ಸೂಜಿ ಹಿಡಿಯುವುದಿಲ್ಲ, ನನಗೆ ಈ ಕೈಯೂ ಬೇಡ, ಈ ದೇಹವೂ ಬೇಡ ಎಂದೆ. ಅವತ್ತು ಅದು ನನ್ನ ನಿಜವಾದ ಮಾತಾಗಿತ್ತು.

ಅವರು ನನ್ನನ್ನು ಸಮಾಧಾನಪಡಿಸಲು ಹೋಗಲಿಲ್ಲ. ಕತ್ತರಿಸಿಟ್ಟಿದ್ದ ತುಂಡುಗಳನ್ನೆಲ್ಲ ನನ್ನ ಹೊದಿಕೆಯ ಮೇಲೆ ಹರಡಿ, “ಇದೇನೇ, ಎಲ್ಲವೂ ಚೌಕ ಚೌಕವಾಗಿದೆ? ಇದರಲ್ಲಿ ತೋಳು ಯಾವುದು, ಮೈ ಯಾವುದು ಹೇಳು,” ಎಂದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅವರು ಬಿಡಲಿಲ್ಲ, ತುಂಡುಗಳನ್ನು ತಪ್ಪಾಗಿ ಜೋಡಿಸಿ, ಇದು ಹೀಗಾ, ಇದು ಹಾಗಾ ಎಂದು ಕೇಳುತ್ತಲೇ ಹೋದರು. ತೋಳಿನ ತುಂಡನ್ನು ಕೊರಳಿಗೆ ಹಚ್ಚಿದಾಗ ನಾನು ಬಾಯಿ ಬಿಡಲೇಬೇಕಾಯಿತು.

ಭಿತ್ತಿಚಿತ್ರದಲ್ಲಿ ಅಂಗಿಯ ಹೊರರೂಪ ಕಾಣುತ್ತದೆಯೇ ಹೊರತು ಅದನ್ನು ಕತ್ತರಿಸಿದ ಬಗೆ ಕಾಣುವುದಿಲ್ಲ. ಆದ್ದರಿಂದ ನಮ್ಮ ಹಳೆಯ ಅಂಗಿಗಳಲ್ಲಿ ಉಳಿದುಬಂದಿರುವ ನೇರ ತುಂಡುಗಳ ಕ್ರಮವನ್ನೇ ನಾನು ಅನುಸರಿಸಿದ್ದೆ. ಕೈಮಗ್ಗದ ಬಟ್ಟೆಯ ಪನ್ನ, ಅಂದರೆ ಅಗಲ, ಕಿರಿದು. ನೂಲು ತೆಗೆಯುವುದರಿಂದ ನೇಯುವವರೆಗೆ ಪ್ರತಿ ಮೊಳಕ್ಕೂ ಹಲವರ ಶ್ರಮ ಬಿದ್ದಿರುತ್ತಿದ್ದ ಕಾಲದಲ್ಲಿ ಬಟ್ಟೆಯನ್ನು ಗುಂಡಗೆ ಕೊಯ್ದು ಚೂರುಗಳನ್ನು ಎಸೆಯುವುದು ಯಾರಿಗೂ ಕಟ್ಟುತ್ತಿರಲಿಲ್ಲ. ಮೈಗೆ ಒಂದು ನೇರ ಪಟ್ಟಿ, ತೋಳಿಗೆ ಎರಡು. ಒಂದು ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಕಲಿಗಳು, ಅಂದರೆ ತ್ರಿಕೋನದ ತುಂಡುಗಳು, ಸಿಗುತ್ತವೆ, ಅವನ್ನು ಇಕ್ಕೆಲಗಳಲ್ಲಿ ಜೋಡಿಸಿದರೆ ಅಂಗಿಯ ಕೆಳಭಾಗ ಅಗಲವಾಗಿ ಘೇರು ಬರುತ್ತದೆ. ಇದನ್ನೆಲ್ಲ ಆ ಮಂಚದ ಮೇಲೆ ಮಲಗಿದ್ದಂತೆಯೇ ಅಕ್ಕನಿಗೆ ಹೇಳಿದೆ. ಮೊದಲು ಬೇಸರದಿಂದ, ಆಮೇಲೆ ತಿದ್ದುವ ಹಟದಿಂದ, ಕೊನೆಗೆ ನೋವನ್ನು ಸ್ವಲ್ಪ ಹೊತ್ತು ಮರೆತು ಹೇಳಿದೆ. ಅವರು ಒಂದೊಂದು ಜೋಡಣೆಯನ್ನೂ ಕಚ್ಚಾ ಹೊಲಿಗೆಯಿಂದ ಹಿಡಿದು ನಿಲ್ಲಿಸುತ್ತಾ ಹೋದರು.

ನಡುರಾತ್ರಿ ಕಳೆದ ಮೇಲೆ ಅವರ ಕೈಗೆ ಪುಟ್ಟದೊಂದು ಚೌಕ ತುಂಡು ಸಿಕ್ಕಿತು. ಅದು ಕಂಕುಳಿಗೆ ಎಂದೆ. ನೇರ ಮೈಗೆ ನೇರ ತೋಳನ್ನು ಹಾಗೆಯೇ ಹೊಲಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲಕ್ಕೆ ಎಳೆಯುತ್ತದೆ, ಕಂಕುಳಲ್ಲಿ ಬಟ್ಟೆ ಹರಿಯುತ್ತದೆ; ಈ ಚೌಕವನ್ನು ಮೂಲೆಯಾಗಿ ಕೂರಿಸಿದರೆ ಬಟ್ಟೆ ಓರೆಯಲ್ಲಿ ಹಿಗ್ಗಿ ಕೈಗೆ ದಾರಿ ಬಿಡುತ್ತದೆ ಎಂದು ವಿವರಿಸಿದೆ. ಅಕ್ಕ ಆ ತುಂಡನ್ನು ಬೆರಳುಗಳ ನಡುವೆ ಓರೆಯಾಗಿ ಎಳೆದು ನೋಡಿದರು. ಆಮೇಲೆ, “ಹಾಗಾದರೆ ಎಡಗಡೆಯದನ್ನು ಇನ್ನೂ ಎರಡು ಬೆರಳು ದೊಡ್ಡದಾಗಿ ಕತ್ತರಿಸೋಣ. ನಿನ್ನ ಕೈಗೆ ಬೇಕಾಗುತ್ತೆ,” ಎಂದರು.

ಆಗ ನಾನು ಅತ್ತದ್ದನ್ನು ಬೇರೆ ಯಾರೂ ನೋಡಿಲ್ಲ. ಅಲ್ಲಿಯವರೆಗೆ ಬಂದವರೆಲ್ಲರೂ ಧೈರ್ಯ ತಂದುಕೋ, ದೇವರಿದ್ದಾನೆ ಎಂದಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ನಾನು ಈ ಅಂಗಿಯನ್ನು ತೊಡುತ್ತೇನೆ, ತೊಟ್ಟ ಮೇಲೆ ಈ ಕೈಯನ್ನು ಎತ್ತುತ್ತೇನೆ ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕಂತೆ ಬಟ್ಟೆಗೆ ಕತ್ತರಿ ಹಾಕಲು ಹೊರಟವರು ಅವರೊಬ್ಬರೇ. ನಸುಕಿನಲ್ಲಿ ನರ್ಸ್ ಬಂದು ಜ್ವರ ನೋಡುವಾಗ ಅಕ್ಕನ ಮಡಿಲಲ್ಲಿ ಎಡತೋಳು ಮೈಗೆ ಕೂಡಿಕೊಂಡಾಗಿತ್ತು.

ಮುಂದಿನ ತಿಂಗಳುಗಳಲ್ಲಿ ಅವರು ಮತ್ತೆ ಮತ್ತೆ ಬಂದು ನಿಂತರು. ಹೊಲಿಗೆ ಯಂತ್ರವನ್ನು ನಾನು ಹೀಗಳೆಯುವುದಿಲ್ಲ. ಆದರೆ ಹೊರಗೆ ಕಾಣುವ ಕಡೆಯೆಲ್ಲ ಕೈಹೊಲಿಗೆಯೇ ಇರಬೇಕೆಂಬುದು ನನ್ನ ನಿಯಮ. ಕಬಾಯಿಯ ಘೇರಿನ ಸುತ್ತಳತೆಯಷ್ಟೂ ಹೆಮ್ಮಿಂಗ್ ಮಾಡುವ ಶಕ್ತಿ ನನ್ನ ಕೈಗೆ ಇರಲಿಲ್ಲ, ಅದನ್ನು ಅಕ್ಕನೇ ಮಾಡಿದರು. ಅವರ ಟಾಕು ನನ್ನದಕ್ಕಿಂತ ಸಣ್ಣದು, ಒಂದೇ ಅಂತರದ್ದು. ತವರಿನಲ್ಲಿ ತಂಗಿಯರ ಲಂಗಗಳ ಅಂಚನ್ನೆಲ್ಲ ತಾವೇ ಮಡಿಚಿ ಹೊಲಿಯುತ್ತಿದ್ದರಂತೆ. ಇಷ್ಟು ವರ್ಷ ಒಂದೇ ಕುಟುಂಬದಲ್ಲಿದ್ದೂ ಅದು ನನಗೆ ಗೊತ್ತಿರಲಿಲ್ಲ. ಕುಲಾವಿಯ ಒಳಗೆ ಮಲ್ಮಲ್ ಬಟ್ಟೆಯ ಲೈನಿಂಗ್ ಇರಲೇಬೇಕೆಂದವರೂ ಅವರೇ. ಆ ದಿನಗಳಲ್ಲಿ ನನ್ನ ಬರಿಯ ನೆತ್ತಿಗೆ ಬಕ್ರಂ ತಾಕಿದರೆ ಉರಿಯುತ್ತಿತ್ತು. ಟೋಪಿಯ ಹೊರಮೈಯನ್ನು ಚಿತ್ರದಂತೆ ನಾನು ನೋಡಿಕೊಂಡೆ, ಒಳಮೈಯನ್ನು ನನ್ನ ತಲೆಗೆ ಬೇಕಾದಂತೆ ಅವರು ನೋಡಿಕೊಂಡರು.

ಮಹಾನವಮಿಯಂದು ಚಪ್ಪಲಿಯನ್ನೇಕೆ ಹಾಕಲಿಲ್ಲವೆಂದು ಕೆಲವರು ಕೇಳಿದಿರಿ. ಕೃಷ್ಣದೇವರಾಯನು ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಬಟ್ಟೆ ತೊಟ್ಟು, ತಲೆಗೆ ಜರತಾರಿಯ ಟೋಪಿಯಿಟ್ಟು, ಬರಿಗಾಲಲ್ಲಿದ್ದನೆಂದು ಪೇಸ್ ಬರೆದಿದ್ದಾನೆ. ಆ ವಿವರ ನನಗೆ ಬಹಳ ಪ್ರಿಯವಾದದ್ದು, ಅದಕ್ಕಾಗಿ ಹಾಗೆ ಬಂದೆ. ಅಂದು ಮೇಲಿನ ಮೆಟ್ಟಿಲಿನ ಪಟ್ಟದ ಗೊಂಬೆಗಳಿಗೆ ಹೂ ಮುಡಿಸಲು ನಾನು ಎಡಗೈ ಎತ್ತಿದೆ. ಅಂಗಿ ಮೇಲಕ್ಕೆಳೆಯಲಿಲ್ಲ, ಕಂಕುಳು ಬಿಗಿಯಲಿಲ್ಲ. ಅಕ್ಕ ದೂರದಲ್ಲಿ ಕೋಸಂಬರಿ ಹಂಚುತ್ತಿದ್ದರು. ಅವರು ನೋಡಿದರೋ ಇಲ್ಲವೋ, ನಾನು ಕೇಳಲಿಲ್ಲ.

ಅಕ್ಕಾ, ನಿಮ್ಮೆದುರಿಗೆ ಇದನ್ನೆಲ್ಲ ಹೇಳಿದರೆ ನೀವು ಎದ್ದು ಒಳಗೆ ಹೋಗುತ್ತೀರೆಂದು ಬರೆದಿದ್ದೇನೆ. ಆ ರಾತ್ರಿ ನನಗಾಗಿ ಎಚ್ಚರವಿದ್ದುದಕ್ಕೆ, ನಾನು ಒರಟಾಗಿ ಆಡಿದ ಮಾತುಗಳನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ತೋಳು ಯಾವುದೆಂದು ಕೇಳಿದ್ದಕ್ಕೆ, ನಿಮಗೆ ನಮಸ್ಕಾರ.

ಕಬಾಯಿಯನ್ನು ಹೇಗೆ ಆರಂಭಿಸಬೇಕೆಂದು ಕೇಳಿದವರಿಗೆಲ್ಲ ನನ್ನ ಕಾಗದದ ಕಟಿಂಗನ್ನು ಕೊಡುತ್ತೇನೆ. ಮನೆಗೆ ಬಂದು ನಕಲು ತೆಗೆದುಕೊಳ್ಳಬಹುದು. ಕಂಕುಳಿನ ಚೌಕಕ್ಕೆ ಅದರಲ್ಲಿ ಎರಡು ಅಳತೆಗಳಿವೆ. ದೊಡ್ಡದು ಅಕ್ಕ ಹೇಳಿದ್ದು. ನಿಮ್ಮ ಕೈ ಹೇಗೇ ಇರಲಿ, ಅದನ್ನೇ ಬಳಸಿ ಎಂಬುದು ನನ್ನ ಸಲಹೆ.